ಚಕ್ಕುಬಂದಿ

ಮಾಲೂರು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು,
ಜೆರಾಕ್ಸ್ ಅಂಗಡಿಗೂ ಎಳನೀರಿನ ಗಾಡಿಗೂ ನಡುವೆ
ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಮೇಜು.
ಕ್ರಯಪತ್ರ ಬರೆಯುವವನು ನಾನು.
‘ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ’
ಎಂದು ಬರೆಯುವಾಗ ಎದುರು ಕೂತವರ ಮುಖ
ನೋಡಬಾರದೆಂದು ಬೇಗನೇ ಕಲಿತೆ.

ಚಕ್ಕುಬಂದಿ ಮಾತ್ರ ಕಣ್ಣು ತಪ್ಪಿಸಲು ಬಿಡದು.
ಪೂರ್ವಕ್ಕೆ ಗುಳ್ಳಪ್ಪನ ಹೊಲ, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಹೊಂಗೆಮರದ ಬದು
ಎಂದು ಬರೆದ ಕೈಯೇ ಬರಬರುತ್ತಾ ಬರೆಯಿತು:
ಪೂರ್ವಕ್ಕೆ ಸೈಟ್ ನಂಬರ್ ಹದಿನಾಲ್ಕು,
ಪಶ್ಚಿಮಕ್ಕೆ ಮೂವತ್ತಡಿ ರಸ್ತೆ.
ನೆರೆಯವರು ಅಂಕಿಗಳಾದರು.
ಮಾರದೆ ಉಳಿದವರದ್ದು ಇನ್ನೊಂದು ಬಗೆ:
ಹೊಲ ಅಲ್ಲೇ ಇರುತ್ತದೆ, ಪಹಣಿ ಅವರ ಹೆಸರಲ್ಲೇ,
ಮೇಲಿನ ಮಣ್ಣು ಮಾತ್ರ ಲಾರಿ ಹತ್ತಿ
ಇಟ್ಟಿಗೆ ಗೂಡಿಗೆ ಹೋಗುತ್ತದೆ.
ಅದಕ್ಕೆ ಪತ್ರ ಬೇಕಿಲ್ಲ. ನೋಟು ಎಣಿಸಿದರಾಯಿತು.

ಅವರೆಯ ಕಾಲದ ಒಂದು ಮಂಗಳವಾರ
ಹುಣಸೆಕುಂಟೆಯಿಂದ ಒಂದೇ ಟೆಂಪೋದಲ್ಲಿ ಬಂದರು:
ಪಿಳ್ಳಮ್ಮ, ಅವಳ ಓರಗಿತ್ತಿ ಅಕ್ಕಯ್ಯಮ್ಮ,
ಆಂಜಿನಪ್ಪ, ಬಾಷು ಸಾಬರು,
ಜೊತೆಗೆ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಸುಗುಣ,
ಕಂಕುಳಲ್ಲಿ ಊಟದ ಲೆಕ್ಕದ ಪುಸ್ತಕ.
‘ಮಾರೋ ಪತ್ರ ಅಲ್ಲಪ್ಪ,’ ಅಂದಳು ಪಿಳ್ಳಮ್ಮ,
‘ಮಾರದೇ ಇರೋ ಪತ್ರ ಬರ್ಕೊಡು.’

ಅದರ ನಮೂನೆ ನನ್ನ ಹತ್ತಿರ ಇರಲಿಲ್ಲ.
ಕಂಪ್ಯೂಟರಿನಲ್ಲೂ ಇಲ್ಲ, ಅಪ್ಪ ಬಿಟ್ಟುಹೋದ ಕಟ್ಟಿನಲ್ಲೂ ಇಲ್ಲ.
ಅವರು ಹೇಳಿದರು, ಕರಡು ಬರೆದೆ:
ಹತ್ತು ವರ್ಷ ಒಂದು ಬಾಂಡ್ಲಿ ಮಣ್ಣೂ ಬದು ದಾಟಬಾರದು.
ಮಾರಲೇಬೇಕಾದರೆ ಮೊದಲು ಪಕ್ಕದ ಹೊಲವನ್ನು ಕೇಳಬೇಕು.
ಮದುವೆಗೋ ಆಪರೇಷನ್ನಿಗೋ ಸಂಘದ ಪೆಟ್ಟಿಗೆ ತೆರೆಯಬೇಕು.
ರಾಗಿ, ಅವರೆ, ಸೊಪ್ಪು ಹಾಸ್ಟೆಲ್ಲಿಗೆ;
ದರ ಯುಗಾದಿಗೊಮ್ಮೆ, ಎಲ್ಲರೂ ಕೂತು.
‘ಸೊಪ್ಪಲ್ಲಿ ಕಲ್ಲು ಬಂದ್ರೆ ವಾಪಸ್ಸು.
ಅದನ್ನೂ ಬರೀರಿ,’ ಎಂದರು ವಾರ್ಡನ್.
ಬರೆದೆ.

‘ಇದು ಕೋರ್ಟಲ್ಲಿ ನಿಲ್ಲೋದು ಅನುಮಾನ,’
ಎಂದೆ, ಕಸುಬಿನ ನಿಯತ್ತಿಗೆ.
‘ಕೋರ್ಟಲ್ಲಿ ಯಾಕೆ ನಿಲ್ಬೇಕು,
ಬದುವಿನ ಮೇಲೆ ನಿಂತ್ರೆ ಸಾಕು.’

ಚಕ್ಕುಬಂದಿಗೆ ಬಂದೆ.
ಪಿಳ್ಳಮ್ಮನ ಹೊಲಕ್ಕೆ ಪೂರ್ವ ಆಂಜಿನಪ್ಪ:
ಬೆಂಚಿನ ತುದಿಯಲ್ಲಿ ಜೇಬು ತಡವಿ ಬೀಡಿ ಹುಡುಕುತ್ತಿದ್ದ.
ಪಶ್ಚಿಮ ಅಕ್ಕಯ್ಯಮ್ಮ:
ಪಿಳ್ಳಮ್ಮನೊಡನೆ ಮಾತು ಬಿಟ್ಟು ಆರು ವರ್ಷ,
ಬೆನ್ನು ತಿರುಗಿಸಿಯೇ ಕೂತಿದ್ದಳು.
ಉತ್ತರ ಬಾಷು ಸಾಬರು.
ಇಷ್ಟು ವರ್ಷದಲ್ಲಿ ಮೊದಲ ಸಲ
ದಿಕ್ಕುಗಳು ಒಂದೇ ಬೆಂಚಿನ ಮೇಲೆ ಕೂತು
ಕೆಮ್ಮುತ್ತಿದ್ದವು.

‘ದಕ್ಷಿಣಕ್ಕೆ?’
ಯಾರೂ ಮಾತಾಡಲಿಲ್ಲ.
ಜೆರಾಕ್ಸ್ ಅಂಗಡಿಯ ಕಂಬಕ್ಕೆ ಒರಗಿದ್ದವನು,
ನಾನು ಬೇರೆ ಗಿರಾಕಿ ಅಂದುಕೊಂಡಿದ್ದವನು, ಅಂದ:
‘ದಕ್ಷಿಣಕ್ಕೆ ನಾನೇ. ಮುನಿಶಾಮಿ.
ಹೊಲ ಅಲ್ಲ ಈಗ ಅದು. ಹನ್ನೊಂದಡಿ ಗುಂಡಿ.
ಮಣ್ಣು ಹೋದ ವರ್ಷಾನೇ ಗೂಡು ಸೇರ್ತು.’

ಪೆನ್ನು ‘ಗುಂ’ ಎಂದು ಶುರು ಮಾಡಿಯಾಗಿತ್ತು.
‘ತಡಿ,’ ಅಂದವಳು ಅಕ್ಕಯ್ಯಮ್ಮ, ಯಾರ ಕಡೆಯೂ ನೋಡದೆ.
‘ಕುಂಟೆ ಅಂತ ಬರಿ.
ಮಳೆ ಬಂದ್ರೆ ನಮ್ಮೆಲ್ಲರ ನೀರೂ
ಅಲ್ಲಿಗೇ ತಾನೆ ಇಳಿಯೋದು.
ಮೀನು ಬಿಟ್ರೆ ಅರ್ಧ ಅವನಿಗೆ.’
‘ಮುಕ್ಕಾಲು,’ ಅಂದ ಮುನಿಶಾಮಿ.
ಅದೊಂದಕ್ಕೆ ಒಂದು ಗಂಟೆ ಹಿಡಿಯಿತು.
ಕೊನೆಗೆ ಹತ್ತರಲ್ಲಿ ಆರು.
‘ಗುಂ’ ಹೊಡೆದುಹಾಕಿ ಬರೆದೆ:
ದಕ್ಷಿಣಕ್ಕೆ ಮುನಿಶಾಮಿಯ ಕುಂಟೆ.

ಹೆಬ್ಬೆಟ್ಟು ಒತ್ತುವಾಗ ತೊಂದರೆಯಾಯಿತು.
ನಸುಕಿನಿಂದ ಅವರೆ ಕಿತ್ತ ಬೆರಳು,
ಸೊಗಡಿನ ಜಿಡ್ಡಿಗೆ ಶಾಯಿ ಹಿಡಿಯಲೊಲ್ಲದು.
ಪಿಳ್ಳಮ್ಮ ಸೆರಗಿಗೆ ಒರೆಸಿದಳು, ಮತ್ತೆ ಒತ್ತಿದಳು,
ಮೂರನೇ ಸಲಕ್ಕೆ ಅರ್ಧ ಗೆರೆ ಮೂಡಿತು.
‘ಸಾಕಾ?’
ಸಾಕು ಎಂದೆ.
ಫೀಸು ಕೊಟ್ಟರು, ಚೌಕಾಸಿ ಮಾಡಿ.

ಸಂಜೆ ಬೀಗ ಹಾಕುವ ಮುಂಚೆ
ನಾಳೆಯ ಕ್ರಯಪತ್ರಗಳನ್ನು ಎಣಿಸಿದೆ. ಏಳು.
ಮೇಲಿನದಕ್ಕೆ ಅವರೆಯ ಸೊಗಡು ಹತ್ತಿತ್ತು.